ವಿಶ್ವಕೋಶದಲ್ಲಿ ರಾಕ್ ತಂಡಕ್ಕೆ ಜಾಗವುಂಟೆ?



ಕುಂತೂರಿನ ನಾಲ್ವರು ಗೆಳೆಯರು ಗಿಟಾರು, ಡ್ರಮ್ಮು ಹೊಂದಿಸಿಕೊಂಡು ರಾಕ್ ತಂಡ ಕಟ್ಟಿದರೆನ್ನಿ. ಕೊಳ್ಳೇಗಾಲದ ಕಾಲೇಜಿನಲ್ಲಿ ಹಾಡಿದರು, ಚಪ್ಪಾಳೆಯೂ ಬಿತ್ತು. 2003ರಲ್ಲಿ ಆರಂಭವಾದ ವಿಶ್ವಕೋಶ, ಕನ್ನಡ ವಿಕಿಪೀಡಿಯದಲ್ಲಿ, ಅವರ ಬಗ್ಗೆ ಲೇಖನ ಬರೆಯಬಹುದೇ? ಅಲ್ಲಿ ಯಾರು ಬೇಕಾದರೂ ಬರೆಯಬಹುದು; ಬರೆದದ್ದೆಲ್ಲ ಉಳಿಯುವುದಿಲ್ಲ.

ತಂಡ ಚೆನ್ನಾಗಿ ಹಾಡುತ್ತದೆಯೇ ಎಂಬುದು ಇಲ್ಲಿ ಪ್ರಶ್ನೆಯಲ್ಲ. ತಂಡಕ್ಕೆ ಸಂಬಂಧವಿಲ್ಲದವರು ನಂಬಲರ್ಹ ಪತ್ರಿಕೆ, ಪುಸ್ತಕಗಳಲ್ಲಿ ಅದರ ಬಗ್ಗೆ ವಿವರವಾಗಿ ಬರೆದಿದ್ದಾರೆಯೇ? ಕಾರ್ಯಕ್ರಮಪಟ್ಟಿಯಲ್ಲಿ ಹೆಸರು ಬಂದರೆ ಸಾಲದು. ತಂಡದವರೇ ಹಂಚಿದ ಕರಪತ್ರ ಲೆಕ್ಕಕ್ಕಿಲ್ಲ. ಪ್ರಯೋಗಾಲಯದ ಮಾತಿನಲ್ಲಿ ಹೇಳುವುದಾದರೆ, ಬೇರೊಬ್ಬರೂ ಅಳೆದು ನೋಡಿರಬೇಕು.

ದೊಡ್ಡ ಕಂಪನಿಯ ಬೆಂಬಲ ಇರಲೇಬೇಕೆಂದಿಲ್ಲ. ಬೆಂಗಳೂರಿನಲ್ಲಿ 1996ರಲ್ಲಿ ಹುಟ್ಟಿದ 'ಥರ್ಮಲ್ ಅಂಡ್ ಎ ಕ್ವಾರ್ಟರ್' ತನ್ನ ಆಲ್ಬಂಗಳನ್ನು ತಾನೇ ಹೊರತಂದ ತಂಡ. ಪತ್ರಿಕೆಗಳು ಅದರ ಬಗ್ಗೆ ಬರೆಯುತ್ತ ಬಂದವು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಅದಕ್ಕೊಂದು ಪುಟವಿದೆ.

ನಿಯಮ ನನಗೆ ಒಪ್ಪಿಗೆಯೇ, ಆದರೂ ಕೊಂಚ ಕಸಿವಿಸಿ. ಪತ್ರಕರ್ತರು ಬೆಂಗಳೂರಿನ ವೇದಿಕೆಗೆ ಹೋದಷ್ಟು ಸುಲಭವಾಗಿ ಕುಂತೂರಿಗೆ ಬರುವುದಿಲ್ಲ. ಅದೇ ಸೀಮೆಯ ಕಂಸಾಳೆಯವರನ್ನು ನೋಡಿ. ತಲೆಮಾರುಗಳಿಂದ ಮಾದಪ್ಪನ ಕಥೆ ಹಾಡಿದರು. ಅದು ಗ್ರಂಥವಾದದ್ದು ಪಿ.ಕೆ. ರಾಜಶೇಖರ ಅವರಂಥ ಜಾನಪದ ವಿದ್ವಾಂಸರು ಕೇಳಿ ಸಂಗ್ರಹಿಸಿದ ಮೇಲೆ.

ಆದ್ದರಿಂದ ಗೆಳೆಯರ ತಂಡದ ಬಗ್ಗೆ ಇಂದೇ ವಿಕಿಪೀಡಿಯಕ್ಕೆ ಬರೆಯಲು ಹೊರಡಬೇಡಿ. ಹಾಡಿದ ದಿನ, ಊರು, ಹಾಡು ಕಟ್ಟಿದವರ ಹೆಸರು ಗುರುತು ಹಾಕಿಕೊಳ್ಳಿ. ಮುಂದಿನ ಕಾರ್ಯಕ್ರಮಕ್ಕೆ ಜಿಲ್ಲಾ ಪತ್ರಿಕೆಯ ವರದಿಗಾರರನ್ನು ಕರೆಯಿರಿ. ಅವರು ಹೊಗಳಲಿ, ತೆಗಳಲಿ, ಲೇಖನಕ್ಕೆ ಎರಡೂ ಆಧಾರವೇ.