ಕೆಲಸಕ್ಕೆ ಸೇರಿದ ಮೊದಲ ವಾರ

(ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)

 

ಮಾನ್ಯ ಅಧ್ಯಕ್ಷರೇ, ಹಿರಿಯರೇ, ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಿಂದ ಬಂದಿರುವ ತಂದೆ-ತಾಯಂದಿರೇ, ಪ್ರೀತಿಯ ವಿದ್ಯಾರ್ಥಿಗಳೇ,

ಪ್ರತಿ ವರ್ಷ ಈ ಸಭೆಯಲ್ಲಿ ಎಷ್ಟು ಮಕ್ಕಳಿಗೆ ಫೀಸು ಕೊಟ್ಟೆವು, ಎಷ್ಟು ಜನ ಪಾಸಾದರು ಎಂಬ ಲೆಕ್ಕ ಒಪ್ಪಿಸುತ್ತೇವೆ. ಆ ಲೆಕ್ಕ ವರದಿಯಲ್ಲಿದೆ. ಅದರಲ್ಲಿ ಇಲ್ಲದ ಒಂದು ಸಂಗತಿಯನ್ನು ಇಂದು ನಿಮ್ಮ ಮುಂದಿಡುತ್ತೇವೆ.

ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯ ಹುಡುಗಿಗೆ ನಾವು ಮೂರು ವರ್ಷ ವಿದ್ಯಾರ್ಥಿವೇತನ ಕೊಟ್ಟಿದ್ದೆವು. ಬಿ.ಕಾಂ. ಪ್ರಥಮ ದರ್ಜೆ. ಕಲಬುರಗಿಯ ಒಂದು ಖಾಸಗಿ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಮನೆಯವರಿಗೆಲ್ಲ ಹಬ್ಬವೇ ಆಯಿತು. ಆದರೆ ನಾಲ್ಕನೆಯ ದಿನ ಅವಳು ಕೆಲಸಕ್ಕೆ ಹೋಗಲಿಲ್ಲ.

ಎರಡು ತಿಂಗಳ ನಂತರ ಅವಳ ತಂದೆ ಕಿರಿಯ ಮಗಳ ಅರ್ಜಿ ಕೊಡಲು ಬಂದಾಗ ನಮಗೆ ವಿಷಯ ತಿಳಿಯಿತು. "ನಮ್ಮ ಹುಡುಗಿಗಿ ಬುದ್ಧಿ ಕಡಿಮಿ ಐತೇನೋ ಸಾಹೇಬ್ರ" ಎಂದರು. ಆ ಮಾತು ನಮಗೆ ಬಹಳ ನೋವು ಕೊಟ್ಟಿತು.

ಅವಳನ್ನು ಕರೆದು ಕೇಳಿದೆವು. ಮೊದಲ ದಿನವೇ ಕಂಪ್ಯೂಟರಿನ ಮುಂದೆ ಕೂರಿಸಿ, "ಹತ್ತು ಪಾಠಗಳಿವೆ, ಮುಗಿಸಿ" ಎಂದಿದ್ದರು. ಪಾಠಗಳು ಇಂಗ್ಲಿಷಿನಲ್ಲಿದ್ದವು, ಪ್ರತಿ ಪಾಠದ ಕೊನೆಗೆ ಪರೀಕ್ಷೆ ಇತ್ತು. ಅವಳು ಓದಿದ್ದು ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡದಲ್ಲಿ. ಮೊಬೈಲು ಬಳಸಿದ್ದಳು, ಮೌಸು ಹಿಡಿದಿರಲಿಲ್ಲ. ಒಳಗೆ ಹೋಗಲು ಒಟಿಪಿ ಬೇಕಿತ್ತು. ಅದು ಪುಣೆಯಲ್ಲಿ ದುಡಿಯುವ ಅಣ್ಣನ ಮೊಬೈಲಿಗೆ ಹೋಗುತ್ತಿತ್ತು, ಏಕೆಂದರೆ ಅವಳ ಎಲ್ಲ ಅರ್ಜಿಗಳಲ್ಲೂ ಅಣ್ಣನ ನಂಬರೇ ಇತ್ತು. ಅಣ್ಣ ಕೆಲಸದಲ್ಲಿದ್ದಾಗ ಫೋನು ತೆಗೆಯುತ್ತಿರಲಿಲ್ಲ. ಮೂರು ದಿನಕ್ಕೆ ಮುಗಿದದ್ದು ಒಂದೇ ಪಾಠ. ಪಕ್ಕದವರನ್ನು ಕೇಳಲು ನಾಚಿಕೆ. ಮನೆಗೆ ಬಂದು ಅತ್ತಳು.

ಇದರಲ್ಲಿ ನಮ್ಮ ತಪ್ಪೂ ಇದೆ. ಮೂರು ವರ್ಷ ಫೀಸು ಕೊಟ್ಟ ನಾವು ಮೂರು ಗಂಟೆ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಲಿಲ್ಲ.

ಹಿಂದೆ ಹೊಸ ನೌಕರರನ್ನು ಹಿರಿಯರೊಬ್ಬರ ಪಕ್ಕದಲ್ಲಿ ಕೂರಿಸಿ ಕೆಲಸ ಕಲಿಸುತ್ತಿದ್ದರು. ಈಗ ಅನೇಕ ಕಡೆ ಆ ಹಿರಿಯರ ಜಾಗದಲ್ಲಿ ಕಂಪ್ಯೂಟರ್ ಇದೆ. ಖಾಸಗಿ ಕಂಪನಿಗಳಲ್ಲಿ ಮಾತ್ರವಲ್ಲ, ಸರ್ಕಾರದಲ್ಲೂ ಹೀಗೆಯೇ. ಕೇಂದ್ರ ಸರ್ಕಾರ 2020ರಲ್ಲಿ ಮಿಷನ್ ಕರ್ಮಯೋಗಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2022ರ ನವೆಂಬರಿನಲ್ಲಿ ಹೊಸದಾಗಿ ನೇಮಕವಾದವರಿಗಾಗಿಯೇ 'ಕರ್ಮಯೋಗಿ ಪ್ರಾರಂಭ್' ಎಂಬ ಆನ್‌ಲೈನ್ ಪಾಠ ಶುರುವಾಯಿತು. ಶಿಕ್ಷಕರಿಗೆ 2017ರಿಂದ ದೀಕ್ಷಾ ಇದೆ. ಕೊರೋನಾ ಕಾಲದಲ್ಲಿ ನಿಷ್ಠಾ ತರಬೇತಿ ಅದರಲ್ಲೇ ನಡೆಯಿತು. ನಮ್ಮ ರಾಜ್ಯ ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮ 2012ರಲ್ಲೇ ಬಂದಿದೆ.

ನಮ್ಮ ಭಾಗಕ್ಕೆ 371ಜೆ ಬಂದದ್ದರಿಂದ ಮಕ್ಕಳಿಗೆ ಶಿಕ್ಷಣದಲ್ಲಿ, ನೌಕರಿಯಲ್ಲಿ ಮೀಸಲಾತಿ ಸಿಕ್ಕಿದೆ. ಅದು ಕಚೇರಿಯ ಬಾಗಿಲವರೆಗೆ ತಂದು ಬಿಡುತ್ತದೆ. ಒಳಗೆ ಹೋದ ಮೇಲೆ ಕಲಿಯುವುದು ನಮ್ಮ ಹೊಣೆ.

ಆದ್ದರಿಂದ ಮಕ್ಕಳೇ, ಕೆಲವು ಮಾತು ನೆನಪಿಟ್ಟುಕೊಳ್ಳಿ.

ನಿಮ್ಮ ಹೆಸರಿನಲ್ಲಿ ನಿಮ್ಮದೇ ಮೊಬೈಲ್ ನಂಬರು, ನಿಮ್ಮದೇ ಇ-ಮೇಲ್ ಇರಲಿ. ಆನ್‌ಲೈನ್ ಸೆಂಟರಿನವರು ಮಾಡಿಕೊಟ್ಟ ಇ-ಮೇಲಿನ ಪಾಸ್‌ವರ್ಡು ನಿಮಗೇ ಗೊತ್ತಿಲ್ಲದಿದ್ದರೆ ಇಂದೇ ಕೇಳಿ ಪಡೆದು ಬದಲಾಯಿಸಿ. ಯಾರಿಗೂ ಹೇಳಬೇಡಿ.

ತರಬೇತಿಗೆ ಕೂರುವಾಗ ನೋಟ್‌ಬುಕ್ಕು, ಪೆನ್ನು ಜೊತೆಗಿರಲಿ. ತಿಳಿಯದ ಇಂಗ್ಲಿಷ್ ಪದ ಬರೆದುಕೊಳ್ಳಿ. ಪಾಠವನ್ನು ನಿಲ್ಲಿಸಿ ಮತ್ತೆ ನೋಡಬಹುದಾದರೆ ಹಾಗೆ ಮಾಡಿ. ಈ ಅನುಕೂಲ ತರಗತಿಯಲ್ಲಿ ನಿಮಗೆ ಇರಲಿಲ್ಲ.

ಬರೀ 'ನೆಕ್ಸ್ಟ್' ಒತ್ತಿ ಮುಗಿಸುವವರನ್ನು ನೋಡಿ ಗಾಬರಿಯಾಗಬೇಡಿ. ಅವರು ಬೇಗ ಮುಗಿಸುತ್ತಾರೆ, ನಿಜ. ನಾಳೆ ಗ್ರಾಹಕರು ಮುಂದೆ ಬಂದು ನಿಂತಾಗ ಪಾಠ ಓದಿದವರಿಗೇ ಉತ್ತರ ಗೊತ್ತಿರುತ್ತದೆ.

ತಿಳಿಯದಿದ್ದರೆ ಮೊದಲ ದಿನವೇ ಕೇಳಿ. ಮೊದಲ ವಾರ ಕೇಳಿದರೆ ಹೊಸಬರು ಎಂದುಕೊಳ್ಳುತ್ತಾರೆ. ಆರು ತಿಂಗಳಾದ ಮೇಲೆ ಕೇಳುವುದು ಕಷ್ಟ.

ತಂದೆ-ತಾಯಂದಿರಲ್ಲಿ ಒಂದು ವಿನಂತಿ. ಮಗಳ ನಂಬರು ಮಗಳ ಕೈಯಲ್ಲೇ ಇರಲಿ. ಅದನ್ನು ಮೇಲಿಂದ ಮೇಲೆ ಬದಲಾಯಿಸಬೇಡಿ. ಈಗ ಅದೂ ಅಂಕಪಟ್ಟಿಯಷ್ಟೇ ಮುಖ್ಯ.

ನೌಕರಿಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ನಿಮ್ಮ ಕಚೇರಿಗೆ ಹೊಸಬರು ಬಂದರೆ, ಯಾವ ಜಾತಿ, ಯಾವ ಊರು ಎಂದು ನೋಡದೆ ಅರ್ಧ ಗಂಟೆ ಪಕ್ಕದಲ್ಲಿ ಕೂರಿ. ಆದರೆ ಅವರ ಕೈಯಿಂದ ಮೌಸು ಕಸಿದುಕೊಂಡು ನೀವೇ ಮಾಡಿಬಿಡಬೇಡಿ. ಮೌಸು ಅವರ ಕೈಯಲ್ಲೇ ಇರಲಿ, ನೀವು ಬಾಯಲ್ಲಿ ಹೇಳಿ. ತಡವಾದರೂ ಚಿಂತೆಯಿಲ್ಲ.

ಟ್ರಸ್ಟ್ ಕೂಡ ಒಂದು ತೀರ್ಮಾನ ಮಾಡಿದೆ. ಈ ವರ್ಷದಿಂದ ಪದವಿಯ ಕೊನೆಯ ವರ್ಷದಲ್ಲಿರುವ ನಮ್ಮ ಎಲ್ಲ ವಿದ್ಯಾರ್ಥಿಗಳಿಗೂ ಮೂರು ದಿನಗಳ ಅಭ್ಯಾಸ ಇರುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ನಡೆಸುತ್ತೇವೆ; ಕಲಬುರಗಿಗೆ ಬಸ್ಸು ಹಿಡಿದು ಬರಬೇಕಾಗಿಲ್ಲ. ಲಾಗಿನ್ ಆಗುವುದು, ಕನ್ನಡ ಮತ್ತು ಇಂಗ್ಲಿಷ್ ಟೈಪ್ ಮಾಡುವುದು, ಒಂದು ಪಾಠ ಪೂರ್ತಿ ನೋಡಿ ಪರೀಕ್ಷೆ ಬರೆಯುವುದು, ಪ್ರಮಾಣಪತ್ರ ಇಳಿಸಿಕೊಳ್ಳುವುದು, ಇಷ್ಟನ್ನು ಕೈಯಾರೆ ಮಾಡಿಸುತ್ತೇವೆ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಇನ್ನು ಮುಂದೆ ವಿದ್ಯಾರ್ಥಿಯ ಸ್ವಂತ ನಂಬರನ್ನು ಕೇಳುತ್ತೇವೆ. ಇಲ್ಲದಿದ್ದರೆ ಅರ್ಜಿ ತಿರಸ್ಕರಿಸುವುದಿಲ್ಲ, ನಂಬರು ಪಡೆಯಲು ನೆರವಾಗುತ್ತೇವೆ. ಹಳೆಯ ಕಂಪ್ಯೂಟರ್ ಕೊಡಬಲ್ಲ ದಾನಿಗಳು, ವಾರಕ್ಕೆ ಎರಡು ಗಂಟೆ ಕೊಡಬಲ್ಲ ನೌಕರರು ಸಭೆ ಮುಗಿದ ಮೇಲೆ ಹೆಸರು ಬರೆಸಿ ಹೋಗಬೇಕು.

ಆ ಹುಡುಗಿ ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ಎಂಟು ದಿನ ಅಭ್ಯಾಸ ಮಾಡಿದಳು. ಎಂಟನೆಯ ದಿನ ಯಾರ ನೆರವೂ ಇಲ್ಲದೆ ಒಂದು ಪಾಠ ಮುಗಿಸಿದಳು. ಈಗ ಬೇರೆ ಕಡೆ ಅರ್ಜಿ ಹಾಕಿದ್ದಾಳೆ, ಇನ್ನೂ ಉತ್ತರ ಬಂದಿಲ್ಲ. ದುಆ ಮಾಡಿ.

ಅವಳ ತಂದೆ ಇಂದು ಈ ಸಭೆಯಲ್ಲಿದ್ದಾರೆ. ಅವರಿಗೆ ಎಲ್ಲರೆದುರು ಹೇಳುತ್ತೇವೆ: ಭಾಯಿಸಾಬ್, ನಿಮ್ಮ ಮಗಳಿಗೆ ಬುದ್ಧಿ ಕಡಿಮೆ ಇಲ್ಲ. ಕಲಿಸಬೇಕಾದ ನಾವು ತಡ ಮಾಡಿದೆವು, ಅಷ್ಟೆ.

ವಸ್ಸಲಾಮ್.