ಗುಡ್ಡಕ್ಕೆ ಹೋಗಬೇಕೋ ಬ್ಯಾಡೋ?

(ಕೊಣ್ಣೂರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತನ್ನು ಹೆಚ್ಚು ತಿದ್ದಿಲ್ಲ.)



ನನಗೆ ಕೊಟ್ಟ ವಿಷಯ 'ಆಧುನಿಕ ಸಮಾಜದಲ್ಲಿ ಧರ್ಮದ ಸ್ಥಾನ'. ನಾಲ್ಕು ಹಾಳೆ ಬರೆದುಕೊಂಡು ಬಂದಿದ್ದೆ. ಸಭೆ ಸುರುವಾಗುವ ಮೊದಲು ಯಾರೋ ಒಬ್ಬ ಹುಡುಗ ನನ್ನ ಕೈಯೊಳಗ ಒಂದು ಚೀಟಿ ಇಟ್ಟು ಹೋದ. ಅದನ್ನು ಓದತೀನಿ. "ಸರ, ನನ್ನ ತಂಗಿ ತಲಿಯಾಗ ಜಡಿ ಬಿದ್ದೈತಿ. ಯಲ್ಲಮ್ಮ ಕರದಾಳ, ಭಾರತ ಹುಣ್ಣಿವಿಗೆ ಗುಡ್ಡಕ್ಕ ಹೋಗಬೇಕು ಅಂತಾಳ ಅವ್ವ. ಹೋಗಬೇಕೋ ಬ್ಯಾಡೋ? ಬ್ಯಾಡ ಅಂದರ ಧರ್ಮಕ್ಕ ಅಡ್ಡ ಬಂದಂಗ ಆಗೂದಿಲ್ಲೇನು? ಸಂವಿಧಾನದಾಗ ಧರ್ಮದ ಸ್ವಾತಂತ್ರ್ಯ ಐತಿ ಅಂತ ಓದೇನಿ."

ಹೆಸರು ಬರೆದಿಲ್ಲ. ಬರೆದವನು ಯಾರು ಅಂತ ನೀವೂ ಹುಡುಕಬ್ಯಾಡ್ರಿ. ಆ ನಾಲ್ಕು ಹಾಳೆ ಜೇಬಿನಾಗ ಇರಲಿ. ಈ ಚೀಟಿಗೆ ಉತ್ತರ ಹೇಳಲಾರದವನು ಧರ್ಮದ ಸ್ಥಾನದ ಬಗ್ಗೆ ಭಾಷಣ ಮಾಡಿ ಏನು ಪ್ರಯೋಜನ?

ಮೊದಲು ಒಂದು ಶಬ್ದದ ಮಾತು. ಸೆಕ್ಯುಲರ್ ಅನ್ನೋದಕ್ಕ ಕನ್ನಡದಾಗ ನಾವು ಮೂರು ಹೆಸರು ಇಟ್ಟೀವಿ. ಧರ್ಮನಿರಪೇಕ್ಷ, ಸರ್ವಧರ್ಮ ಸಮಭಾವ, ಜಾತ್ಯತೀತ. ಸಂವಿಧಾನದ ಪೀಠಿಕೆಗೆ ಈ ಮಾತು ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ. ಅದಕ್ಕೂ ಮೊದಲೇ, 1948ರಲ್ಲಿ, ಕೆ.ಟಿ. ಶಾ ಅವರು ಸಂವಿಧಾನ ಸಭೆಯಲ್ಲಿ ಈ ಶಬ್ದ ಸೇರಿಸಿರಿ ಅಂದಾಗ ಬಾಬಾಸಾಹೇಬರು ಒಪ್ಪಲಿಲ್ಲ. ಶಬ್ದ ಇಲ್ಲದಿದ್ದರೂ ಅವರು ಕಲಮಿನೊಳಗ ಏನು ಇಟ್ಟರು ಅನ್ನೋದನ್ನ ಆಮೇಲೆ ನೋಡೋಣ. ಮೂರು ಹೆಸರಿನಲ್ಲಿ ನನಗೆ ಹಿಡಿಸೋದು ಜಾತ್ಯತೀತ. ಪಂಡಿತರು ಅದು ತಪ್ಪು ಅನುವಾದ ಅಂತಾರ. ಇರಲಿ. ನಮ್ಮ ಊರಾಗ ಧರ್ಮ ಅನ್ನೋದು ಜಾತಿಯ ಅಂಗಿ ಹಾಕ್ಕೊಂಡೇ ಬರತೈತಿ. ಅದು ಅನುವಾದ ಮಾಡಿದವರಿಗೆ ಗೊತ್ತಿತ್ತೋ ಇಲ್ಲೋ, ಶಬ್ದಕ್ಕಂತೂ ಗೊತ್ತೈತಿ.

ಸರ್ವಧರ್ಮ ಸಮಭಾವ ಅನ್ನುವವರಿಗೆ ನಮ್ಮ ಊರಿನ ಕಲ್ಲು ತೋರಿಸಬೇಕು. ಪರಮೇಶ್ವರನ ಗುಡಿಯ ಶಾಸನ ನೀವು ಕೇಳಿರಬಹುದು. ಶಕ 782, ಅಂದರೆ ಕ್ರಿ.ಶ. 860ರಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ, ಬಂಕೇಶ ಕೇಳಿಕೊಂಡ ಅಂತ, ಇಲ್ಲಿಯ ಜೈನ ಬಸದಿಗೆ ಒಂದು ಊರನ್ನು, ಬೇರೆ ಊರುಗಳಲ್ಲಿ ಭೂಮಿಯನ್ನು ದತ್ತಿ ಕೊಟ್ಟ. ಆಗ ಈ ಊರಿನ ಹೆಸರು ಕೊಳನೂರ. ಮೊದಲು ತಾಮ್ರಪಟದಲ್ಲಿದ್ದದ್ದನ್ನು ಆಮೇಲೆ ಕಲ್ಲಿಗೆ ಇಳಿಸಿದರು. ಜೈನರ ದತ್ತಿ, ಶಿವನ ಗುಡಿ. ಇದಕ್ಕಿಂತ ಸಮಭಾವ ಬೇಕೇನು? ಕೊಟ್ಟ ರಾಜನ ಹೆಸರು ಐತಿ, ಕೇಳಿದ ಬಂಕೇಶನ ಹೆಸರು ಐತಿ, ಪಡೆದ ದೇವೇಂದ್ರ ಮುನಿಯ ಹೆಸರು ಐತಿ. ಆ ಭೂಮಿ ಉತ್ತವರ ಹೆಸರು ಹುಡುಕಬ್ಯಾಡ್ರಿ. ದೇವರು ದೇವರು ಹೊಂದಿಕೊಂಡಿದ್ದರು, ಸ್ವಾಮಿಗಳು ಸ್ವಾಮಿಗಳು ಹೊಂದಿಕೊಂಡಿದ್ದರು. ಹಾಂಗಂತ ಕೇರಿಯವರಿಗೆ ಬಾವಿ ತೆರೆಯಲಿಲ್ಲ.

ಧರ್ಮಗಳು ಜಗಳಾಡಬಾರದು, ಅದು ಖರೆ. 2022ರಲ್ಲಿ ಕಾಲೇಜುಗಳಲ್ಲಿ ಹಿಜಾಬಿನ ಗದ್ದಲ ಎದ್ದಾಗ ನಮ್ಮ ಹುಡುಗರ ಕೊರಳಿಗೂ ಯಾರೋ ಶಾಲು ಹಾಕಿದರು. ಆ ಶಾಲು ಹಾಕಿದವರ ಮನಿಯ ಪಡಸಾಲಿಗೆ ಅದೇ ಹುಡುಗ ಹೋಗಬಹುದೇನು ಅಂತ ಕೇಳಿದರ ಸಾಕು, ಅದರ ಬಗ್ಗೆ ಹೆಚ್ಚು ಮಾತು ಬೇಡ.

ಈಗ ಚೀಟಿಗೆ ಬರೋಣ. ಸಂವಿಧಾನದ 25ನೇ ಕಲಮು ತೆಗೆದು ಓದ್ರಿ. ಅದು ಸ್ವಾತಂತ್ರ್ಯದಿಂದ ಸುರುವಾಗೂದಿಲ್ಲ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಇನ್ನುಳಿದ ಮೂಲಭೂತ ಹಕ್ಕುಗಳು, ಇವಕ್ಕೆ ಒಳಪಟ್ಟು ಅಂತ ಮೊದಲು ಹೇಳತೈತಿ. ಬೇಲಿ ಮೊದಲು ಹಾಕಿ, ಆಮೇಲೆ ಹೊಲ ಕೊಟ್ಟಾರ. ಅಷ್ಟೇ ಅಲ್ಲ, ಸಮಾಜ ಸುಧಾರಣೆಗೆ ಸರ್ಕಾರ ಕಾನೂನು ಮಾಡಬಹುದು, ಸಾರ್ವಜನಿಕ ಹಿಂದೂ ಗುಡಿಗಳನ್ನ ಎಲ್ಲ ಹಿಂದೂಗಳಿಗೆ ತೆರೆಸಬಹುದು ಅಂತ ಅದೇ ಕಲಮಿನ ಎರಡನೇ ಭಾಗ ಹೇಳತೈತಿ. 17ನೇ ಕಲಮು ಅಸ್ಪೃಶ್ಯತೆಯನ್ನೇ ಕಿತ್ತು ಹಾಕೈತಿ. ಈ ದೇಶದಲ್ಲಿ ಧರ್ಮ ಹುಟ್ಟಿನಿಂದ ಸಾವಿನ ತನಕ ಎಲ್ಲವನ್ನೂ ತನ್ನದೇ ಅನ್ನತೈತಿ, ಅದನ್ನ ಹಾಗೇ ಒಪ್ಪಿಕೊಂಡರ ಯಾವ ಸುಧಾರಣೆಯೂ ಆಗೂದಿಲ್ಲ ಅಂತ ಬಾಬಾಸಾಹೇಬರು 1948ರಲ್ಲೇ ಸಂವಿಧಾನ ಸಭೆಯಲ್ಲಿ ವಾದಿಸಿದ್ದರು. ನಮ್ಮ ಪಾಲಿಗೆ ಸೆಕ್ಯುಲರ್ ಅಂದರ ಇದು. ಹುಟ್ಟು, ಮೈ, ನೀರು, ಸಾಲಿ, ಇವುಗಳ ಮೇಲೆ ದೇವರ ಹೆಸರಿನಲ್ಲಿ ಯಾರೂ ಹಕ್ಕು ಸಾಧಿಸಬಾರದು.

ಹಾಗಾದರೆ ಕಾನೂನು ಐತಲ್ಲ, ಮುಗೀತಲ್ಲ ಅನ್ನಬಹುದು. ಮುಗಿದಿಲ್ಲ. ನಮ್ಮ ಧಾರವಾಡ ಸೀಮೆ ಮುಂಬಯಿ ಪ್ರಾಂತದಲ್ಲಿದ್ದಾಗಲೇ, 1934ರಲ್ಲಿ, ದೇವದಾಸಿ ರಕ್ಷಣಾ ಕಾಯ್ದೆ ಬಂತು. ಅಂದರೆ ಈ ಊರಾಗ ಮುತ್ತು ಕಟ್ಟುವುದು ಅಪರಾಧ ಆಗಿ 90 ವರ್ಷ ದಾಟಿತು. ಆಮೇಲೆ 1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಬಂತು. ಮುತ್ತು ಕಟ್ಟಿಸಿದವರಿಗೆ 3 ವರ್ಷದವರೆಗೆ ಜೈಲು, 2,000 ರೂಪಾಯಿವರೆಗೆ ದಂಡ. ಹಡೆದವರೇ ಮಾಡಿಸಿದ್ದರೆ 2ರಿಂದ 5 ವರ್ಷ. ನೋಡ್ರಿ ಹೆಂಗೈತಿ. ಹೊಟ್ಟಿಗಿಲ್ಲದ ಅವ್ವನಿಗೆ ಹೆಚ್ಚಿನ ಶಿಕ್ಷೆ. ಮುತ್ತು ಕಟ್ಟಿದ ಹುಡುಗಿಯನ್ನ ಆಮೇಲೆ ಇಟ್ಟುಕೊಂಡ ದೊಡ್ಡ ಮನಿಯವನಿಗೆ ಆ ಕಾಯ್ದೆಯಲ್ಲಿ ಬೇರೆ ಶಿಕ್ಷೆಯೇ ಇಲ್ಲ. ಸರ್ಕಾರ 1993-94ರಲ್ಲಿ ಎಣಿಸಿದಾಗ 22,873 ಮಂದಿ ದೇವದಾಸಿಯರು, 2007-08ರಲ್ಲಿ ಮತ್ತೆ ಎಣಿಸಿದಾಗ 23,787 ಮಂದಿ. ಎರಡೂ ಕೂಡಿ 46,660. ಇವರಲ್ಲಿ ಹೆಚ್ಚಿನವರು ಯಾವ ಕೇರಿಯವರು ಅಂತ ನಿಮಗೆ ಹೇಳಬೇಕಾಗಿಲ್ಲ.

ಅವರಲ್ಲಿ ಒಬ್ಬಾಕಿ ನಮ್ಮ ದೊಡ್ಡವ್ವ. ಗಂಡು ಮಗ ಇಲ್ಲದ ಮನಿ, ಮುದುಕ ತಂದೆ, ಹಿರಿ ಮಗಳ ತಲಿಯಾಗ ಜಡಿ. ಜಡಿ ಬಿದ್ದದ್ದು ಯಾಕ? ಎಣ್ಣಿ ಇಲ್ಲ, ಸಾಬೂನು ಇಲ್ಲ, ಹಣಗಿ ಹಾಕಿ ತಲಿ ಬಾಚುವಷ್ಟು ಪುರಸೊತ್ತು ಅವ್ವನಿಗಿಲ್ಲ. ಕೂದಲು ಗಂಟು ಕಟ್ಟಿತು. ಶ್ರೀಮಂತರ ಮಗಳಿಗೆ ಯಲ್ಲಮ್ಮ ಜಡಿ ಕಳಿಸಿದ್ದನ್ನ ನಾನಂತೂ ನೋಡಿಲ್ಲ. ದೊಡ್ಡವ್ವನಿಗೆ ಒಬ್ಬ ಮಗ. ನನಗಿಂತ ಎರಡು ವರ್ಷ ದೊಡ್ಡವ, ಲೆಕ್ಕದಾಗ ನನಗಿಂತ ಶಾಣ್ಯಾ. ಸಾಲಿಗೆ ಹೆಸರು ಹಚ್ಚುವಾಗ ಅಪ್ಪನ ಹೆಸರು ಕೇಳಿದರು. ಅವ ಸುಮ್ಮನೆ ನಿಂತ. ಮಾಸ್ತರರು ಮತ್ತೊಮ್ಮೆ ಜೋರಾಗಿ ಕೇಳಿದರು, ಹಿಂದ ಕುಂತವರು ನಕ್ಕರು. ಯಾರದೋ ಹೆಸರು ಬರೆಸಿದರು ಖರೆ, ಆದರ ಎರಡು ವರ್ಷಕ್ಕೆ ಅವ ಸಾಲಿ ಬಿಟ್ಟ. ಅಪ್ಪ ಯಾರು ಅಂತ ಇಡೀ ಊರಿಗೆ ಗೊತ್ತಿತ್ತು. ನಾನು ಹಾಸ್ಟೆಲಿಗೆ ಬಂದೆ, ಅವ ಅದೇ ಅಪ್ಪನ ಹೊಲದಾಗ ಕೂಲಿಗೆ ಹೋದ.

ಇದನ್ನು ಕೇಳಿ ನಿಮಗೆ ಸಿಟ್ಟು ಬರತೈತಿ. ನನಗೂ ಬಂದಿತ್ತು. ಊರಿಗೆ ಹೋದಾಗ ಒಮ್ಮೆ ದೊಡ್ಡವ್ವನ ಹಡ್ಡಲಗಿ ಒಗೆದುಬಿಟ್ಟೆ. ಆಕಿ ಬೈಯಲಿಲ್ಲ. ಚೆಲ್ಲಿದ ಭಂಡಾರ ಸೆರಗಿನಾಗ ಬಳಕೊಂಡು, "ಎಲ್ಲಾರೂ ಕೈ ಬಿಟ್ಟಾಗ ಇಕಿ ಒಬ್ಬಾಕಿ ಜೊತಿಗಿದ್ದಳೋ ತಮ್ಮಾ" ಅಂದಳು. ನಾನು ಓದಿದ ಪುಸ್ತಕದೊಳಗ ಅದಕ್ಕ ಉತ್ತರ ಇರಲಿಲ್ಲ.

ಇದೇ ಪಾಠ ನಮ್ಮ ಚಳವಳಿಗೂ ಒಮ್ಮೆ ಆಯಿತು. ಸವದತ್ತಿಯ ಯಲ್ಲಮ್ಮನೇ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆ. ಅಲ್ಲಿ ವರದಾ ಹೊಳಿಯಾಗ ಮಿಂದು ಗುಡಿತನಕ ಬೆತ್ತಲೆ ಹೋಗುವ ಹರಕೆ ಇತ್ತು. ಬೆತ್ತಲೆ ಆಗುತ್ತಿದ್ದವರು ಬಹಳ ಮಾಡಿ ನಮ್ಮವರು, ಬಡವರು. 1986ರ ಮಾರ್ಚಿಯಲ್ಲಿ ದಲಿತ ಸಂಘರ್ಷ ಸಮಿತಿಯವರು ಮತ್ತು ಬೇರೆ ಸಂಘಟನೆಯವರು ತಡೆಯಲು ಹೋದರು. ಗುಂಪು ತಿರುಗಿ ಬಿತ್ತು. ಕಾರ್ಯಕರ್ತರನ್ನ, ಹೆಣ್ಣು ಪೊಲೀಸರನ್ನೂ ಬಿಡದೆ ಪೊಲೀಸರನ್ನ ಹಿಡಿದು ಬಟ್ಟೆ ಕಳೆದು ನಡೆಸಿದರು. ಆಮೇಲೆ ಸರ್ಕಾರ ಬೆತ್ತಲೆ ಸೇವೆಗೆ ನಿಷೇಧ ಹಾಕಿತು. ಯು.ಆರ್. ಅನಂತಮೂರ್ತಿಯವರು ಬೆತ್ತಲೆ ಪೂಜೆ ಯಾಕೆ ಕೂಡದು ಅಂತ ಲೇಖನವನ್ನೇ ಬರೆದರು. ಓದಿದ ನಾವು ನಂಬುವವರ ನಂಬಿಕೆಗೆ ಕೈ ಹಾಕುವುದು ಎಷ್ಟು ಸರಿ ಅಂತ ಅವರ ಅನುಮಾನ. ಅನುಮಾನ ಪ್ರಾಮಾಣಿಕವಾದದ್ದೇ. ಆದರೆ ಬೆತ್ತಲೆ ನಡೆಯುವಾಕಿ ನನ್ನ ಅಕ್ಕ ಆಗಿದ್ದಾಗ ನನಗೆ ಅಷ್ಟು ದೂರ ನಿಂತು ಅನುಮಾನ ಪಡಲು ಆಗೂದಿಲ್ಲ. ನಮ್ಮ ಹುಡುಗರು ಹೋದದ್ದು ಸರಿ. ಜಾತ್ರೆಯ ದಿನ ಹೋಗಿ ದಾರಿಗೆ ಅಡ್ಡ ನಿಲ್ಲುವುದಕ್ಕಿಂತ ಮೊದಲು ಆ ಜನರ ಕೇರಿ ಕೇರಿಗೆ ಹೋಗಿ ವರ್ಷಗಟ್ಟಲೆ ಕೂಡಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ. ಇದಕ್ಕ ನಮ್ಮ ಹಿರಿಯರು ಒಪ್ಪಲಿಕ್ಕಿಲ್ಲ. ಒಪ್ಪದಿದ್ದರೆ ಇದೇ ಪತ್ರಿಕೆಗೆ ಬರೆಯಲಿ.

ಚೀಟಿ ಬರೆದ ತಮ್ಮಾ, ಕೇಳು. ಗುಡ್ಡಕ್ಕ ಹೋಗುವುದು ಅಪರಾಧ ಅಲ್ಲ. ನಾನು ಹೋಗೂದಿಲ್ಲ, ಅದು ನನ್ನ ಮಾತು. ನಿಮ್ಮವ್ವ ಉಧೋ ಅಂದು, ಕೈ ಮುಗಿದು, ಅಡಿಗಿ ಮಾಡಿ ಉಂಡು ಬರೋದಾದರ ಬರಲಿ, ಅದಕ್ಕ ಸಂವಿಧಾನ ಕಾವಲು ಐತಿ. ತಂಗಿಯ ಕೊರಳಿಗೆ ಮುತ್ತು ಬೀಳೋದಾದರ ಅಲ್ಲಿಗೆ ಧರ್ಮದ ಸ್ವಾತಂತ್ರ್ಯ ಮುಗೀತು. ಯಾಕಂದರ ಆಕಿಗೂ ಒಂದು ಸ್ವಾತಂತ್ರ್ಯ ಐತಿ. ನೀನು ಧರ್ಮಕ್ಕ ಅಡ್ಡ ಬರತಿಲ್ಲ, ತಂಗಿಯ ಬೆನ್ನಿಗೆ ನಿಲ್ಲತೀ. ಅಪ್ಪನ ಹೆಸರಿನ ಪ್ರಶ್ನೆ, ದೇವದಾಸಿಯರ ಮಕ್ಕಳ ಹಕ್ಕಿನ ಪ್ರಶ್ನೆ ಇಟ್ಟುಕೊಂಡು 2025ರಲ್ಲಿ ನಮ್ಮ ವಿಧಾನಮಂಡಲ ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟೈತಿ. ನನ್ನ ಅಣ್ಣನ ಕಾಲಕ್ಕೆ ಅದು ಬರಲಿಲ್ಲ. ಮಕ್ಕಳ ಸಹಾಯವಾಣಿ 1098 ಐತಿ, ನಂಬರು ಬರಕೊಳ್ಳಿ. ಆದರೆ ಅವ್ವನ ಮೇಲೆ ಪೊಲೀಸರನ್ನ ಕರೆಯುವುದು ಕಡೀ ದಾರಿ, ಮೊದಲನೇದಲ್ಲ.

ಸಭೆ ಮುಗಿದ ಮೇಲೆ ನಾನು ಬಸ್ ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯಾಗ ಕತ್ತಲಾಗೂತನಕ ಕುಂತಿರತೀನಿ. ನೀನು ಒಬ್ಬನೇ ಬಾ. ಐತವಾರ ನಾನೂ ದೊಡ್ಡವ್ವನೂ ನಿಮ್ಮ ಮನಿಗೆ ಬರತೀವಿ. ಆಕಿಗೆ ಈಗ ವಯಸ್ಸಾಗೈತಿ, ಆದರ ನಿಮ್ಮವ್ವನ ಜೋಡಿ ನಾನು ಆಡಲಾರದ ಮಾತು ಆಕಿ ಆಡತಾಳ. ಒಂದು ಬಾಟಲಿ ಎಣ್ಣಿ, ಒಂದು ಹಣಗಿ ತರತೀವಿ. ಕತ್ತರಿ ಬೇಕಾದರ ಅದನ್ನ ನಿಮ್ಮವ್ವನೇ ಹಿಡಿಯಲಿ.