ಮಗುವಿನ ತಿಳಿವಳಿಕೆ ತೂಗುವ ಕಾಟಾ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯಾಗಿ ಮಾಡಿದ ಭಾಷಣ)



ನಮ್ಮ ಹಳೆಯ ವಿದ್ಯಾರ್ಥಿಗಳ ಬಳಗದವರು ನನಗೊಂದು ಕೆಲಸ ಹೇಳಿದ್ದಾರೆ. ಮಕ್ಕಳು ಬರೆಯುವ ಪರಿಕಲ್ಪನಾ ನಕ್ಷೆಗೆ ಅಂಕ ಕೊಡುವ ಆ್ಯಪ್ ಮಾಡಿಕೊಡಬೇಕು. ಆ ಅಂಕ ನೋಡಿ ಹತ್ತನೆಯ ತರಗತಿಯವರನ್ನು ಎರಡು ಗುಂಪು ಮಾಡಬೇಕು. ಪ್ರೀತಿಯಿಂದಲೇ ಕೇಳಿದ್ದಾರೆ. ಆ್ಯಪ್ ಬರೆಯುವುದು ದೊಡ್ಡ ಮಾತಲ್ಲ. ಆ ಅಂಕವನ್ನು ನಂಬಬಹುದೇ ಎಂಬುದು ದೊಡ್ಡ ಮಾತು.

ಪರಿಕಲ್ಪನಾ ನಕ್ಷೆ ನಿಮಗೆ ಗೊತ್ತು. ‘ಎಲೆ’, ‘ಪತ್ರಹರಿತ್ತು’, ‘ಸೂರ್ಯನ ಬೆಳಕು’, ‘ಪಿಷ್ಟ’ ಎಂದು ಬರೆದು, ನಡುವೆ ಗೆರೆ ಎಳೆದು, ಗೆರೆಯ ಮೇಲೆ ‘ಹೀರುತ್ತದೆ’, ‘ತಯಾರಿಸುತ್ತದೆ’ ಎಂದು ಸಂಬಂಧ ಬರೆಯುವುದು. 1972ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೋವಾಕ್ ಮತ್ತು ಅವರ ಸಂಗಡಿಗರು ಇದನ್ನು ರೂಪಿಸಿದರು. ಮಕ್ಕಳನ್ನು ಮಾತನಾಡಿಸಿ ಬರೆದುಕೊಂಡ ರಾಶಿ ಪುಟಗಳಲ್ಲಿ ಯಾವ ಮಗುವಿನ ತಿಳಿವಳಿಕೆ ಹೇಗೆ ಬದಲಾಯಿತು ಎಂದು ಕಾಣುವುದೇ ಕಷ್ಟವಾಗಿತ್ತು. ಅದಕ್ಕೆ ಈ ಉಪಾಯ.

ಇನ್ನೊಂದು ವಿಧಾನ ಚೀಟಿ ವಿಂಗಡಣೆ. 1981ರಲ್ಲಿ ಮಿಶೆಲೀನ್ ಚಿ ಮತ್ತು ಸಂಗಡಿಗರು ಭೌತಶಾಸ್ತ್ರದ ಲೆಕ್ಕಗಳನ್ನು ಚೀಟಿಯಲ್ಲಿ ಕೊಟ್ಟು ಗುಂಪು ಮಾಡಲು ಹೇಳಿದರು. ಹೊಸಬರು ‘ಇಳಿಜಾರಿನ ಲೆಕ್ಕ’, ‘ಸ್ಪ್ರಿಂಗಿನ ಲೆಕ್ಕ’ ಎಂದು ಕಂಡದ್ದನ್ನು ನೋಡಿ ವಿಂಗಡಿಸಿದರು. ಪಳಗಿದವರು ‘ಶಕ್ತಿಯ ಸಂರಕ್ಷಣೆ’ಯಂಥ ನಿಯಮ ಹಿಡಿದು ವಿಂಗಡಿಸಿದರು. ವೆಬ್‌ಸೈಟಿನ ಮೆನು ಜೋಡಿಸುವಾಗ ನಮ್ಮ ವೃತ್ತಿಯಲ್ಲೂ ಇಂಥ ಚೀಟಿಯಾಟ ಉಂಟು.

ಈಗ ಕಬ್ಬಿನ ಕಾಟಾಕ್ಕೆ ಬನ್ನಿ. ಗಾಡಿ ಇಳಿಸಿ ಮತ್ತೆ ಹತ್ತಿಸಿದರೆ ಅದೇ ತೂಕ ಬರಬೇಕು. ಅನುಮಾನ ಬಂದರೆ ರೈತ ಬೇರೆ ಕಾಟಾದಲ್ಲಿ ತೂಗಿಸುತ್ತಾನೆ. ಪ್ರತಿ ಸಲವೂ ಎರಡು ಕ್ವಿಂಟಲ್ ಕಡಿಮೆ ತೋರಿಸುವ ಕಾಟಾವೂ ಮಾತು ಬದಲಿಸುವುದಿಲ್ಲ. ಆದರೆ ಸುಳ್ಳು ಹೇಳುತ್ತದೆ. ನಕ್ಷೆಯ ಅಂಕಕ್ಕೂ ಇವೇ ಪ್ರಶ್ನೆಗಳು.

ಇಬ್ಬರು ಶಿಕ್ಷಕರು ಒಂದೇ ನಕ್ಷೆಗಳ 100 ಗೆರೆಗಳನ್ನು ತಿದ್ದಿ, 82ರಲ್ಲಿ ಒಮ್ಮತ ಬಂತು ಎನ್ನೋಣ. ಶಹಬ್ಬಾಸ್ ಎನ್ನುತ್ತೇವೆ. ಆದರೆ ಇಬ್ಬರೂ ಓದದೆಯೇ, ಮನಸ್ಸಿಗೆ ಬಂದಂತೆ ತಲಾ 90ಕ್ಕೆ ‘ಸರಿ’ ಹಾಕಿದ್ದರೂ ಸರಾಸರಿ 82 ಹೊಂದುತ್ತವೆ! ಎರಡೂ ಕಡೆ ‘ಸರಿ’ 81, ಎರಡೂ ಕಡೆ ‘ತಪ್ಪು’ 1. ಈ ಆಕಸ್ಮಿಕ ಒಮ್ಮತವನ್ನು ಕಳೆದು ನೋಡುವ ಲೆಕ್ಕವನ್ನು ಜೇಕಬ್ ಕೋಹೆನ್ 1960ರಲ್ಲೇ ಕೊಟ್ಟರು. ಅದರ ಹೆಸರು ಕಪ್ಪಾ.

ತರಬೇತಿ ಕೊಟ್ಟರೆ ಶಿಕ್ಷಕರ ಒಮ್ಮತ ಚೆನ್ನಾಗಿಯೇ ಬರುತ್ತದೆ. ತೊಡಕು ಬೇರೆಡೆ ಇದೆ. ಖಾಲಿ ಜಾಗ ತುಂಬುವ ನಕ್ಷೆ ಕೊಟ್ಟರೆ ಒಂದು ಅಂಕ, ಖಾಲಿ ಹಾಳೆ ಕೊಟ್ಟರೆ ಅದೇ ಮಗುವಿಗೆ ಬೇರೆ ಅಂಕ ಬರಬಹುದು. ಮಾರಿಯಾ ರೂಯಿಸ್-ಪ್ರಿಮೊ ಮತ್ತು ರಿಚರ್ಡ್ ಶೇವಲ್ಸನ್ 1996ರಲ್ಲಿ ಇದನ್ನೇ ಎಚ್ಚರಿಸಿದರು: ನಕ್ಷೆ ಎಂದರೆ ಒಂದೇ ಪರೀಕ್ಷೆಯಲ್ಲ, ಕೊಟ್ಟ ಕೆಲಸ, ಉತ್ತರದ ರೂಪ, ಅಂಕದ ಪದ್ಧತಿ ಮೂರೂ ಸೇರಿ ಒಂದು ಪರೀಕ್ಷೆ.

ಇನ್ನು ನಮ್ಮ ಊರಿನ ಮಾತು. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳು ಗಡಿಭಾಗದಲ್ಲಿ ಎಷ್ಟಿಲ್ಲ! ನಕ್ಷೆಯ ಜೀವ ಇರುವುದೇ ಗೆರೆಯ ಮೇಲಿನ ಕ್ರಿಯಾಪದದಲ್ಲಿ. ಆ ಪದ ಹೊಳೆಯದೆ ಗೆರೆ ಖಾಲಿ ಬಿಟ್ಟ ಹುಡುಗಿಗೆ ವಿಜ್ಞಾನ ತಿಳಿದಿಲ್ಲವೋ, ಕನ್ನಡದ ಪದ ಸಿಗಲಿಲ್ಲವೋ? ನನ್ನ ಆ್ಯಪ್‌ಗೆ ಇದು ಕಾಣದು. ಪಕ್ಕದಲ್ಲಿ ಕುಳಿತು “ಯಾಕವ್ವಾ, ಇಲ್ಲಿ ಏನ್ ಬರೀಬೇಕಂತಿದ್ದಿ?” ಎಂದು ಕೇಳುವ ಬಾಯಿಯವರಿಗೆ ಕಾಣುತ್ತದೆ.

ಆದ್ದರಿಂದ ಗುಂಪು ಮಾಡುವ ಆ್ಯಪ್ ನಾನು ಮಾಡಿಕೊಡುವುದಿಲ್ಲ, ಬಳಗದವರು ಬೇಸರಪಟ್ಟುಕೊಳ್ಳಬಾರದು. ಬದಲಿಗೆ ಬರುವ ವರ್ಷ ಒಂದೇ ಪಾಠದ ನಕ್ಷೆಯನ್ನು ಹೆಸರಿಲ್ಲದೆ ಇಬ್ಬರು ಶಿಕ್ಷಕರು ಬೇರೆಬೇರೆ ತಿದ್ದಲಿ. ಹದಿನೈದು ದಿನ ಬಿಟ್ಟು, ನಡುವೆ ಆ ಪಾಠ ಮಾಡದೆ, ಮಕ್ಕಳು ಇನ್ನೊಮ್ಮೆ ಬರೆಯಲಿ. ಗೆರೆಯ ಮೇಲಿನ ಮಾತು ಮರಾಠಿಯಲ್ಲಿದ್ದರೂ ನಡೆಯಲಿ. ಎರಡೂ ಸಲದ ಅಂಕಗಳನ್ನು ನನಗೆ ಕಳಿಸಿ, ತಾಳೆ ನೋಡುವ ಲೆಕ್ಕ ನನ್ನದು. ಎಲ್ಲಿ ಹೊಂದಲಿಲ್ಲವೋ ಆ ಹಾಳೆಗಳನ್ನು ಮುಂದಿಟ್ಟುಕೊಂಡು, ದೀಪಾವಳಿ ರಜೆಗೆ ಬಂದಾಗ ಸ್ಟಾಫ್ ರೂಮಿನಲ್ಲಿ ಕೂಡೋಣ.